ನಾಲ್ಕೆಲೆಯ ಗಂಟು

ಮೊನ್ನೆ ಮೈಸೂರಿನಿಂದ ಊರಿಗೆ ಹೊರಟಿದ್ದೆ. ಬಸ್ಸು ರಾವಂದೂರು ದಾಟುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಎಲ್ಲೋ ಬ್ಯಾರನ್ ಹಚ್ಚಿದ್ದರು. ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಎತ್ತರದ ಗೋಡೆಯ ಮನೆಯೊಂದರ ಒಳಗೆ ಸಾಲಾಗಿ ತೂಗುಹಾಕಿ, ಕೆಳಗಿನಿಂದ ಸೌದೆಯ ಕಾವು ಕೊಟ್ಟು ಹಳದಿಗೆ ತಿರುಗಿಸುತ್ತಾರೆ. ಆ ಮನೆಗೇ ನಮ್ಮ ಕಡೆ ಬ್ಯಾರನ್ ಅನ್ನುವುದು. ಮೊದಲ ದಿನ ಬೆಂದ ಸೊಪ್ಪಿನ ವಾಸನೆ, ಆಮೇಲೆ ಪಾಕಕ್ಕಿಟ್ಟ ಬೆಲ್ಲದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಕೈ ತಾನಾಗಿ ಫೋನಿನ ಕಡೆಗೆ ಹೋಯಿತು. ಈ ವಾಸನೆ ಬಂದರೆ ಫೋನು ತೆಗೆಯುವುದು ಆ ಒಂದು ವರ್ಷದಿಂದ ಉಳಿದ ಅಭ್ಯಾಸ.

ಆ ವರ್ಷ ನಾನು ಪಿರಿಯಾಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ದಿನಾ ಊರಿನಿಂದ ಹೋಗಿ ಬರುತ್ತಿದ್ದೆ. ದಿನಚರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಅದು ನನಗೆ ಬ್ಯಾರನ್ನಿನಿಂದಲೇ ಬಂದ ಚಟ. ಸೊಪ್ಪು ಕಟ್ಟುವ ಹೆಂಗಸರಿಗೆ ನಮ್ಮಲ್ಲಿ ಕಡ್ಡಿಯ ಲೆಕ್ಕದಲ್ಲಿ ಕೂಲಿ. ಯಾರು ಎಷ್ಟು ಕಡ್ಡಿ ಕಟ್ಟಿದರು ಎಂದು ಬ್ಯಾರನ್ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುವ ಕೆಲಸ ನಾನು ಮೂರನೇ ಕ್ಲಾಸಿನಲ್ಲಿರುವಾಗ ನನ್ನ ಪಾಲಿಗೆ ಬಂತು. ಒಂದು ಗೀಟು ತಪ್ಪಿದರೂ ಜಗಳ. ಗೋಡೆಯ ಗೀಟುಗಳು ಕ್ರಮೇಣ ನೋಟ್‌ಬುಕ್ಕಿಗೆ ಬಂದವು. ಅವುಗಳ ಪಕ್ಕ ತಾರೀಖು, ಮಳೆ, ಯಾರು ಬಂದರು, ಯಾರು ಬರಲಿಲ್ಲ ಎಂಬುದೂ ಸೇರಿಕೊಂಡಿತು.

ಆ ಹುಡುಗಿ ನನಗೆ ಸಿಕ್ಕಿದ್ದು ಕಾಲೇಜಿನ ಕೊನೆಯ ವರ್ಷಕ್ಕೆ ಹಿಂದಿನ ವರ್ಷ, ಫೋನಿನಲ್ಲಿ. ಹೊಗೆಸೊಪ್ಪು ಎಂದು ಹುಡುಕುತ್ತಾ ಹೋದಾಗ ಬ್ರೆಜಿಲ್‌ನ ದಕ್ಷಿಣದ ತುದಿಯ ಒಂದು ಹಳ್ಳಿಯಿಂದ ಅವಳ ವಿಡಿಯೊ ಬಂತು. ಖಾತೆಗೆ ಅವಳ ಹೆಸರು ಕೂಡ ಇರಲಿಲ್ಲ, ಯಾವುದೋ ಹೂವಿನ ಹೆಸರು ಮತ್ತು ಎರಡು ಅಂಕಿ. ಮುಖ ತೋರಿಸುತ್ತಿದ್ದುದೂ ಅಪರೂಪ. ಎರಡು ಕೈ, ಒಂದು ಕಡ್ಡಿ, ದಾರದ ಉಂಡೆ, ಸೊಪ್ಪಿನ ರಾಶಿ. ಹಿಂದುಗಡೆ ಅವರ ಬ್ಯಾರನ್ನು, ಅದಕ್ಕೆ ನೀಲಿ ಬಣ್ಣದ ಬಾಗಿಲು. ಅವಳು ಎಡಗೈ ಬಳಸುವವಳು. ದಾರ ಸುತ್ತಿ, ಎಲೆ ಸೇರಿಸಿ, ಗಂಟು ಎಳೆದು, ಇನ್ನೊಂದು ಬದಿಗೆ ತಿರುಗಿಸುವ ರೀತಿ ನಮ್ಮ ಜಗಲಿಯಲ್ಲಿ ಕೂತವರ ಹಾಗೆಯೇ ಇತ್ತು. ಅಷ್ಟು ದೂರದಲ್ಲಿ ಯಾರೋ ಇದೇ ಕೆಲಸ ಮಾಡಿ, ಇದೇ ಅಂಟನ್ನು ಅಂಗೈಯಿಂದ ಉಜ್ಜಿ ತೊಳೆಯುತ್ತಾರೆ ಎಂಬುದು ನನಗೆ ವಿಚಿತ್ರವಾಗಿ ಕಂಡಿತ್ತು. ದಿನಾ ನೋಡತೊಡಗಿದೆ.

ಅಜ್ಜಿಗೂ ತೋರಿಸಿದೆ. ಅಜ್ಜಿ ಎಂದರೆ ಅಪ್ಪನ ತಾಯಿ. ಕಡ್ಡಿ ಕಟ್ಟುವುದರಲ್ಲಿ ಊರಿನಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಫೋನನ್ನು ಕೈಯಳತೆಯಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

“ನಾಕ್ ನಾಕ್ ಎಲೆ ಸೇರ್ಸಿ ಗಂಟಾಕ್ತಾವ್ಳೆ ಕಣೆ. ಮೂರೇ ಆಕ್ಬೇಕು. ಮಧ್ಯದ್ಕೆ ಕಾವು ಓಗ್ದೆ ಕರ್ರಗಾಯ್ತದೆ. ಅವ್ರವ್ವ ಯೇಳ್ಕೊಟ್ಟಿಲ್ವಾ?”

“ಅವರ ಕಡೆ ಹಂಗೇ ಇರ್ಬೋದು ಅಜ್ಜಿ.”

“ಕಾವು ಎಲ್ಲಾ ಕಡೇಲೂ ಒಂದೇ ಕಣವ್ವ.”

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅವಳ ಹೆಸರು ನಾಕೆಲೆ ಹುಡುಗಿ ಎಂದಾಯಿತು. ಊಟಕ್ಕೆ ಕೂತಾಗ ಅವ್ವ ಕೂಡ, “ನಿನ್ನ ನಾಕೆಲೆ ಇವತ್ತೇನ್ ಮಾಡುದ್ಲು?” ಎಂದು ಕೇಳುತ್ತಿದ್ದರು.

ನಮ್ಮ ಕಾಲೇಜಿನ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ದಿನಾ ಬೆಳಿಗ್ಗೆ ಅದರ ಮೇಲೆ ಐದು ಸಾಲು ಸುದ್ದಿ ಬರೆಯಬೇಕು. ಅಕ್ಷರ ದುಂಡಗಿದೆ, ತಪ್ಪದೆ ಬರುತ್ತಾಳೆ ಎಂದು ಆ ವರ್ಷ ಅದನ್ನು ನನಗೇ ವಹಿಸಿದ್ದರು. ಮೇ ತಿಂಗಳ ಮೊದಲ ವಾರದ ಒಂದು ದಿನ, ಬಸ್ಸಿನಲ್ಲಿ ಸುದ್ದಿ ಓದುವಾಗ ಬ್ರೆಜಿಲ್ ಎಂಬ ಹೆಸರು ಕಣ್ಣಿಗೆ ಬಿತ್ತು. ಮಳೆ ನಿಂತಿಲ್ಲ, ನದಿಗಳು ಊರೊಳಗೆ ಬಂದಿವೆ. ರಾಜ್ಯದ ಹೆಸರನ್ನು ಎರಡು ಸಲ ಓದಿದೆ. ಅವಳದೇ ರಾಜ್ಯ. ಖಾತೆ ತೆರೆದು ನೋಡಿದೆ. ಹೊಸದೇನೂ ಇರಲಿಲ್ಲ. ಕಾಲೇಜಿಗೆ ಹೋದವಳೇ ಹಲಗೆಯ ಮೇಲೆ ಬರೆದೆ: ‘ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ ಭಾರಿ ನೆರೆ. ಪಟ್ಟಣಗಳು ಮುಳುಗಿವೆ. ಸಾವಿರಾರು ಜನ ಮನೆ ಬಿಟ್ಟಿದ್ದಾರೆ.’

ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಅದರ ಕೆಳಗೆ ಯಾರೋ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು: ‘ಈ ಸಲ ರೇಟು ಡಬಲ್.’ ಪಕ್ಕದಲ್ಲಿ ಒಂದು ನಗುಮುಖ.

ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊಗೆಸೊಪ್ಪು ಬೆಳೆಯುವವರ ಮಕ್ಕಳೇ. ಹೊರದೇಶದಲ್ಲಿ ಸೊಪ್ಪು ಕಡಿಮೆಯಾದರೆ ಸಿಗರೇಟು ಕಂಪನಿಗಳವರು ನಮ್ಮ ಹರಾಜಿನಲ್ಲಿ ಬೆಲೆ ಏರಿಸಿ ಕೂಗುತ್ತಾರೆ ಎಂಬುದು ನಮಗೆ ಪಾಠಕ್ಕಿಂತ ಮೊದಲು ಗೊತ್ತು. ನಾನು ಡಸ್ಟರ್ ತೆಗೆದುಕೊಂಡು ಅಳಿಸಿದೆ. ಅಳಿಸುವ ರಭಸದಲ್ಲಿ ನನ್ನ ಸಾಲಿನ ಬಾಲವೂ ಹೋಯಿತು. ಕೊನೆಯ ವಾಕ್ಯದಲ್ಲಿ ‘ಸಾವಿರಾರು ಜನ’ ಎಂಬುದಷ್ಟೇ ಉಳಿಯಿತು.

ನನ್ನ ಜೊತೆ ಬಸ್ಸಿಗೆ ಬರುತ್ತಿದ್ದ ಗೆಳತಿ ಭವ್ಯ ಪಕ್ಕದಲ್ಲೇ ಇದ್ದಳು. “ಅದ್ರಲ್ಲಿ ಇಷ್ಟು ಸಿಟ್ಟು ಮಾಡ್ಕೊಳ್ಳೋದೇನೈತೆ ಚೈತ್ರಾ? ಸಾಯಂಕಾಲ ಮನೆಗೋಗು, ನಿಮ್ಮಪ್ಪನೂ ಅದ್ನೇ ಅಂತಾರೆ.”

ಅಪ್ಪ ಅನ್ನಲಿಲ್ಲ. ಅಂದದ್ದು ಪಕ್ಕದ ಹೊಲದ ಪುಟ್ಟರಾಜಣ್ಣ. ಹರಾಜು ಮಾರುಕಟ್ಟೆಯ ಗಾಳಿಸುದ್ದಿಯನ್ನೆಲ್ಲ ಮೊದಲು ತರುವವರು ಅವರೇ. ನಾನು ಬ್ಯಾಗು ಇಳಿಸುವ ಹೊತ್ತಿಗೆ ಜಗಲಿಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು ಹೇಳುತ್ತಿದ್ದರು.

“ಶಿವಣ್ಣ, ಬ್ರೆಜಿಲ್ ಓಯ್ತು ಬುಡು. ಒಣಗ್ಸಿ ಇಟ್ಟಿದ್ ಸೊಪ್ಪೆಲ್ಲ ನೀರ್ಪಾಲಂತೆ. ಈ ವರ್ಷ ನಾವ್ ಕಸ ತಗೊಂಡೋದ್ರೂ ಕೇಳ್ತಾರೆ.”

“ಯಾರ್ ಯೇಳುದ್ರು?”

“ನಿನ್ನ ಮಗ್ಳೇ ಕಾಲೇಜ್ ಬೋರ್ಡಲ್ಲಿ ಬರ್ದವ್ಳಂತಲ್ಲ. ನನ್ ತಂಗಿ ಮಗ ಫೋಟೊ ಕಳ್ಸಿದ್ದ.”

ಅಪ್ಪ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಹೆಮ್ಮೆಯಿತ್ತು. ತಗ್ಗಿನ ಹೊಲಕ್ಕೆ ಆ ವರ್ಷ ಮುಸುಕಿನ ಜೋಳ ಹಾಕುವ ಯೋಚನೆ ಇತ್ತು. ಅಲ್ಲಿಗೂ ಹೊಗೆಸೊಪ್ಪಿನ ಸಸಿಯೇ ಎಂದು ಆ ಜಗಲಿಯ ಮೇಲೆಯೇ ತೀರ್ಮಾನವಾಯಿತು. ಪುಟ್ಟರಾಜಣ್ಣ ಎದ್ದುಹೋದ ಮೇಲೆ ಅಪ್ಪ ನನ್ನನ್ನು ಕರೆದರು.

“ಎಮ್ಮೆಸ್ಸಿಗೆ ಮೈಸೂರ್ಗೆ ಓಗ್ತೀನಿ ಅಂತಿದ್ಯಲ್ಲ ಮಗ. ರೇಟ್ ನಿಂತ್ರೆ ಕಳುಸ್ತೀನಿ. ಆಸ್ಟೆಲ್ಲು, ಫೀಸು ಎಲ್ಲಾ ಆಯ್ತದೆ. ಇಲ್ಲಾಂದ್ರೆ ಒಂದೊರ್ಸ ತಡ್ಕೊಬೇಕು.”

ಆರು ತಿಂಗಳಿಂದ ನಾನು ಕಾದಿದ್ದ ಮಾತು ಅದು. ಆ ದಿನದ ಪುಟದಲ್ಲಿ ಹೀಗೆ ಬರೆದಿದ್ದೇನೆ: ‘ಮಳೆ ಇಲ್ಲ. ಅಪ್ಪ ಒಪ್ಪಿದರು. ಅವಳಿಂದ ಏನೂ ಇಲ್ಲ.’ ಮೂರು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದ ಮೇಲೆ ಪೆನ್ನು ಇಡಲಾಗಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಗೆರೆ ಎಳೆದೆ. ಗೆರೆ ಎಳೆದದ್ದರಿಂದ ಅವು ದೂರವೇನೂ ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ಎಲ್ಲೂ ಕೂರಲು ಆಗುತ್ತಿರಲಿಲ್ಲ. ಪರೀಕ್ಷೆಗೆ ಓದುತ್ತಿದ್ದವಳು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ, ನೆಟ್‌ವರ್ಕ್ ಸಿಗುವ ಮೆದೆಯ ಪಕ್ಕ ನಿಂತು ಫೋನು ನೋಡಿ ಬರುತ್ತಿದ್ದೆ. ಅವ್ವನಿಗೆ ನನಗೆ ಹೊಟ್ಟೆ ಸರಿಯಿಲ್ಲವೇನೋ ಎಂಬ ಅನುಮಾನ. ಮೆಂತ್ಯ ನೆನೆಸಿ ಕೊಟ್ಟರು. ಒಂದು ದಿನ ಹೊರದೇಶದ ಸುದ್ದಿಯಲ್ಲಿ ಒಂದು ಚಿತ್ರ ಬಂತು. ಕಂದು ನೀರು, ಅದರ ನಡುವೆ ಒಂದು ಬ್ಯಾರನ್ನು, ಬಾಗಿಲ ತಲೆಯ ಹತ್ತಿರದವರೆಗೂ ಮುಳುಗಿದೆ. ಅರ್ಧ ತೆರೆದ ಬಾಗಿಲಿನ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ನೀಲಿ.

ಅವಳ ಹಳೆಯ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ಹೋಲಿಸಿದೆ. ಸೂರಿನ ಇಳಿಜಾರು, ಗಾಳಿಕಿಂಡಿಗಳ ಸಾಲು, ಬಾಗಿಲಿನ ಮೇಲೆ ಲಾಳದಂತೆ ಏನೋ ಹೊಡೆದದ್ದು. ಇರಬಹುದು, ಇಲ್ಲದಿರಬಹುದು. ನೀಲಿ ಬಣ್ಣ ಆ ದೇಶದಲ್ಲಿ ಒಬ್ಬರ ಮನೆಯದೇ ಆಗಿರಬೇಕೆಂದೇನಿದೆ ಎಂದು ಹೇಳಿಕೊಂಡೆ. ಅವಳ ಕೊನೆಯ ವಿಡಿಯೊದ ಕೆಳಗೆ ‘ಚೆನ್ನಾಗಿದ್ದೀಯಾ?’ ಎಂದು ಕನ್ನಡದಲ್ಲಿ ಬರೆದು, ಫೋನಿನಲ್ಲೇ ಅವರ ಭಾಷೆಗೆ ತಿರುಗಿಸಿ ಹಾಕಿದೆ. ಅದಕ್ಕೂ ಮೊದಲೇ ಬೇರೆ ಬೇರೆ ಹೆಸರಿನವರು ಅದನ್ನೇ ಕೇಳಿದ್ದರು. ಯಾರಿಗೂ ಉತ್ತರವಿರಲಿಲ್ಲ.

ಅದೇ ವಾರ ನಮ್ಮಲ್ಲಿ ಮುಂಗಾರಿನ ಮೊದಲ ಹದ ಮಳೆ ಬಂತು. ಸಸಿ ನಾಟಿ ಶುರುವಾಯಿತು. ಊರೆಲ್ಲ ನಗುತ್ತಾ ನೆಟ್ಟಿತು. ಸಂಜೆ ಹೊಲದಿಂದ ಬರುವವರ ಮಾತಿನಲ್ಲಿ ಬ್ರೆಜಿಲ್ ಎಂಬುದು ಪಕ್ಕದ ಹೋಬಳಿಯ ಹೆಸರಾಗಿಬಿಟ್ಟಿತ್ತು. “ಬ್ರೆಜಿಲಲ್ಲಿ ಇನ್ನೂ ಬುಟ್ಟಿಲ್ವಂತಾ ಮಳೆ?” “ಇಲ್ವಂತೆ.” “ಬುಡ್ದೆ ಇರ್ಲಿ ಬುಡು.” ಆಡುವವರು ಕೆಟ್ಟವರಲ್ಲ. ಅದೇ ಬಾಯಿಂದ, ಯಾರದೋ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದರೆ ಊಟ ಬಿಟ್ಟು ಓಡುವವರು. ಇದನ್ನು ನಾನು ಭವ್ಯಳಿಗೆ ಹೇಳಿದಾಗ ಅವಳು, “ಹಸು ಕಣ್ಣಿಗೆ ಕಾಣ್ತದೆ ಕಣೇ,” ಎಂದಳು. ಅದು ಸಮಾಧಾನವೋ ಚುಚ್ಚೋ ತಿಳಿಯಲಿಲ್ಲ.

ಜೂನ್ ಕಳೆದು ಜುಲೈ ಬಂತು. ಪರೀಕ್ಷೆ ಮುಗಿದಿತ್ತು. ನಾನು ಎರಡು ಸಾಲಿನ ಒಂದು ಪಂಚಾಂಗ ಮಾಡಿಕೊಂಡಿದ್ದೆ. ಅವರ ಋತು ನಮಗೆ ತಿರುವುಮುರುವು: ನಾವು ಬ್ಯಾರನ್ ಹಚ್ಚುವಾಗ ಅವರು ಸಸಿಮಡಿ ಮಾಡಿ ನಾಟಿ ಹಾಕುತ್ತಾರೆ, ನಾವು ಹರಾಜಿಗೆ ಹೋಗುವಾಗ ಅವರು ಕಡ್ಡಿ ಕಟ್ಟುತ್ತಾರೆ. ಬದುಕಿದ್ದರೆ, ಹೊಲ ಉಳಿದಿದ್ದರೆ, ಅವಳು ಸಸಿಮಡಿಯ ವಿಡಿಯೊ ಹಾಕಬೇಕಾದ ಕಾಲ ಇದು. ಹಾಕಲಿಲ್ಲ.

ಕಾಯಲಾರದೆ ಖಾತೆಯಲ್ಲಿ ಹಿಂದಕ್ಕೆ ಹೋಗತೊಡಗಿದೆ. ನಾನು ನೋಡದಿದ್ದ ಹಳೆಯ ವರ್ಷಗಳು. ಅವಳಿನ್ನೂ ಚಿಕ್ಕವಳು, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಒಂದು ವಿಡಿಯೊದಲ್ಲಿ ಒಬ್ಬ ಮುದುಕರು ಬೆಂಚಿನ ಮೇಲೆ ಕೂತು ಸೋರೆಬುರುಡೆಯಂಥದರಿಂದ ಕೊಳವೆಯಲ್ಲಿ ಏನೋ ಕುಡಿಯುತ್ತಿದ್ದರು. ಏನೋ ಹೇಳಿದರು. ಸುತ್ತ ನಿಂತವರೆಲ್ಲ ನಕ್ಕರು, ಫೋನು ಹಿಡಿದ ಅವಳೂ ನಕ್ಕಳು, ಚಿತ್ರ ಅಲುಗಾಡಿತು. ಕೆಳಗೆ ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿದೆ.

‘ಈ ವರ್ಷ ಬೆಲೆ ಚೆನ್ನಾಗಿದೆ. ಭಾರತದಲ್ಲಿ ಮಳೆ ಬಂದು ಸೊಪ್ಪು ಹಾಳಾಯಿತಂತೆ. ತಾತ ಖುಷಿಯಾಗಿದ್ದಾರೆ.’

ವರ್ಷ ನೋಡಿದೆ. ನನ್ನ ಹಳೆಯ ನೋಟ್‌ಬುಕ್ ತೆಗೆದು ನೋಡುವ ಅಗತ್ಯವಿರಲಿಲ್ಲ, ಆದರೂ ತೆಗೆದೆ. ಆ ವರ್ಷ ಆಗಸ್ಟಿನಲ್ಲಿ ಬಿಡದೆ ಮಳೆ ಹೊಡೆದು, ಸೊಪ್ಪು ಹೊಲದಲ್ಲೇ ನೀರು ಕುಡಿದು ಕಪ್ಪಾಗಿತ್ತು. ಚುಂಚನಕಟ್ಟೆಯಲ್ಲಿ ಸೋದರತ್ತೆಯ ಗದ್ದೆಗೆ ಕಾವೇರಿ ನುಗ್ಗಿ, ಅವರು ಮಕ್ಕಳನ್ನು ಕಟ್ಟಿಕೊಂಡು ನಮ್ಮಲ್ಲಿಗೆ ಬಂದು ಉಳಿದಿದ್ದರು. ನಮ್ಮ ಬ್ಯಾರನ್ನಿನ ಹಿಂದಿನ ಗೋಡೆ ಸೊಪ್ಪಿನ ಸಮೇತ ಕುಸಿದುಬಿದ್ದದ್ದೂ ಆಗಲೇ. ಅದು ಬಿದ್ದ ಸದ್ದಿಗೆ ಅಪ್ಪ ಓಡಿಹೋಗಿ, ಏನೂ ಮಾಡಲು ತೋಚದೆ, ಬೀಳದೆ ಉಳಿದ ಗೋಡೆಗೆ ಕೈ ಒತ್ತಿ ಹಿಡಿದು ನಿಂತಿದ್ದರು. ನನ್ನ ಗೀಟುಗಳಿದ್ದ ಗೋಡೆ ಬಿದ್ದದ್ದು.

ಮೊದಲು ಸಿಟ್ಟು ಬಂತು. ಮುದುಕರ ನಗು ಇನ್ನೊಮ್ಮೆ ನೋಡಿದೆ. ಪುಟ್ಟರಾಜಣ್ಣನ ನಗುವೇ, ಹಲ್ಲು ಮಾತ್ರ ಬೇರೆ. ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯದೆ ಹೊಲದ ಬದುವಿನ ಮೇಲೆ ತುದಿಯವರೆಗೆ ಹೋದೆ, ವಾಪಸ್ ಬಂದೆ. ಜಗಲಿಯಲ್ಲಿ ಅಜ್ಜಿ ಕಡ್ಡಿ ಕಟ್ಟುತ್ತಿದ್ದರು, ಅದು ಆ ವರ್ಷ ಗಿಡದಿಂದ ಮೊದಲ ಸಲ ಮುರಿದ ಸೊಪ್ಪು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

ಅಜ್ಜಿಯ ಕೈ ನಿಲ್ಲಲಿಲ್ಲ. “ಆ ಮುದ್ಕ ನಮ್ ಗೋಡೆ ಬಿದ್ದುದ್ಕೆ ನಕ್ಕುದ್ನಾ?”

“ನಮ್ಮ ಗೋಡೆ ಅಂತ ಅವರಿಗೇನು ಗೊತ್ತು ಅಜ್ಜಿ. ಬೆಲೆ ಬಂತು ಅಂತ ನಕ್ಕಿದ್ದು.”

“ನಿಮ್ಮಪ್ಪನೂ ಅದ್ಕೇ ತಾನೇ ನಕ್ಕಿದ್ದು.” ಒಂದು ಗಂಟು ಎಳೆದು ಬಿಗಿ ಮಾಡಿದರು. “ಅಲ್ಲೂ ನಮ್ಮಂತೋರೇ ಅವ್ರೆ ಅನ್ನು. ಅದ್ಕೆ ಯಾಕ್ ಮುಖ ಗಂಟಾಕ್ಕೊಂಡಿದ್ದೀಯ? ಆ ಎಣ್ಣು ಬದುಕವ್ಳಾ ಇಲ್ವಾ ಅದ್ ನೋಡು.”

ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಬ್ಯಾರನ್ ಉರಿಯಿತು. ಕಾವು ಅಳೆದು ಬರೆಯುವುದು ನನ್ನ ಕೆಲಸ. ಬೆಂಕಿಯ ಮುಂದೆ ಕೂತಾಗ ಕೈ ಫೋನಿಗೆ ಹೋಗುತ್ತಿತ್ತು. ಹಾಗಾಗಿಯೇ ಆ ವಾಸನೆಗೂ ಫೋನಿಗೂ ನಂಟು ಬೆಳೆದದ್ದು. ‘ಅವಳಿಂದ ಏನೂ ಇಲ್ಲ’ ಎಂದು ಪ್ರತಿ ಪುಟದ ಕೊನೆಗೆ ಬರೆದು ಬರೆದು, ಆಮೇಲೆ ಬರಿ ‘ಇಲ್ಲ’ ಎಂದು ಬರೆಯತೊಡಗಿದೆ.

ದಸರಾ ಹೊತ್ತಿಗೆ ಹರಾಜು ಶುರುವಾಯಿತು. ಬೆಲೆ ಚೆನ್ನಾಗಿಯೇ ಇತ್ತು. ಕೆಳದರ್ಜೆಯ ಸೊಪ್ಪಿಗೂ ಒಳ್ಳೆಯ ಕೂಗು ಬಂತು. ಅಪ್ಪ ಮೊದಲ ಬೇಲುಗಳನ್ನು, ಅಂದರೆ ಗೋಣಿಯಲ್ಲಿ ಕಟ್ಟಿದ ಒಣಸೊಪ್ಪಿನ ಪಿಂಡಿಗಳನ್ನು, ಮಾರಿ, ಹೊಸ ಬಿಳಿ ಅಂಗಿ ತೊಟ್ಟು ಬಂದರು. ಆದರೆ ಒಳ್ಳೆಯ ಸೊಪ್ಪಿನ ಬೇಲುಗಳನ್ನು ಮಾರಲಿಲ್ಲ. ಬ್ರೆಜಿಲ್ ಇಲ್ಲವಲ್ಲ, ಕೊನೆಕೊನೆಗೆ ಕಂಪನಿಯವರು ತಾವಾಗಿ ಏರಿಸುತ್ತಾರೆ ಎಂದು ಪುಟ್ಟರಾಜಣ್ಣ ಹೇಳಿದ್ದರು. ಒಂದು ಸಲ ತೆಗೆದುಕೊಂಡು ಹೋಗಿ, ಕೂಗಿದ ಬೆಲೆಗೆ ಒಪ್ಪದೆ ವಾಪಸ್ ತಂದದ್ದೂ ಆಯಿತು. ಊರಿನಲ್ಲಿ ಬಹಳ ಜನ ಹಾಗೆಯೇ ಮಾಡಿದರು. ಅವ್ವ ಸೊಪ್ಪು ವಿಂಗಡಿಸುವ ಕೊಟ್ಟಿಗೆಯಲ್ಲಿ ಆ ಬೇಲುಗಳ ಮೇಲೆ ಕಾಲು ಚಾಚಿ ಕೂತು, “ಬಾ ಕಣೆ, ನಿನ್ನ ಆಸ್ಟೆಲ್ ಮೇಲೆ ಕುಂತಿವ್ನಿ,” ಎಂದು ನಗುತ್ತಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ. ಎಂ.ಎಸ್ಸಿ. ಸೇರಲು ಹಣ ಕಟ್ಟುವ ಕೊನೆಯ ದಿನಗಳು ಹತ್ತಿರವಾಗಿದ್ದವು. ಅಜ್ಜಿ, ಅಪ್ಪ, ನಾನು ಕೊಟ್ಟಿಗೆಯಲ್ಲಿ ಉಳಿದ ಪುಡಿಸೊಪ್ಪು ಬೇರೆ ಮಾಡುತ್ತಿದ್ದೆವು. ಫೋನು ಸದ್ದು ಮಾಡಿತು. ಹೂವಿನ ಹೆಸರು, ಎರಡು ಅಂಕಿ.

ಎರಡು ಕೈ. ಎಡಗೈ ದಾರ ಸುತ್ತುತ್ತಿದೆ. ಕಡ್ಡಿ. ರಾಶಿ ರಾಶಿ ಸೊಪ್ಪು, ಎಲೆಗಳು ಮೊಳಕ್ಕಿಂತ ಉದ್ದ, ಎಲ್ಲೂ ಒಂದು ಚುಕ್ಕೆಯಿಲ್ಲ. ಹಿಂದೆ ಅದೇ ಬ್ಯಾರನ್ನು. ಗೋಡೆಯ ಮೇಲೆ ಬಾಗಿಲ ಎತ್ತರಕ್ಕೆ ಕಂದು ಗೆರೆ ಉಳಿದಿತ್ತು, ನೀರು ನಿಂತ ಮಟ್ಟ ಅದು. ನೀಲಿ ಬಾಗಿಲು ಇರಲಿಲ್ಲ. ಆ ಜಾಗದಲ್ಲಿ ಬಣ್ಣ ಹಚ್ಚದ ಹೊಸ ಹಲಗೆ. ಕೊನೆಯಲ್ಲಿ ಅವಳು ಫೋನನ್ನು ತನ್ನ ಕಡೆ ತಿರುಗಿಸಿ ಒಂದು ಗಳಿಗೆ ಮುಖ ತೋರಿಸಿದಳು. ಬಡವಾಗಿದ್ದಳು.

ಅಪ್ಪ ಪಕ್ಕಕ್ಕೆ ಬಗ್ಗಿ ನೋಡಿದರು.

“ನಿನ್ನ ನಾಕೆಲೆನಾ?”

“ಹೂಂ.”

“ಇನ್ನೊಂದ್ ಸಲ ಆಕು.”

ಹಾಕಿದೆ. ಅವರು ಅವಳನ್ನು ನೋಡಲಿಲ್ಲ, ಹಿಂದಿನ ರಾಶಿಯನ್ನು ನೋಡಿದರು. ಬೆರಳಿಟ್ಟು ಚಿತ್ರ ನಿಲ್ಲಿಸಿದರು. ಬ್ಯಾರನ್ನಿನ ಒಳಗೆ, ತೆರೆದ ಹಲಗೆಯ ಸಂದಿನಲ್ಲಿ, ಸಾಲು ಸಾಲು ಕಡ್ಡಿಗಳು ಕಾಣುತ್ತಿದ್ದವು.

“ಸೊಪ್ಪು ಸಕತ್ತಾಗ್ ಬಂದದೆ,” ಎಂದರು. ಕೈಯಲ್ಲಿದ್ದ ಪುಡಿಸೊಪ್ಪನ್ನು ಕೆಳಗಿಟ್ಟು, “ನಮ್ದು ಇನ್ ಇಟ್ಕೊಂಡ್ ಪ್ರಯೋಜ್ನಿಲ್ಲ ಕಣವ್ವ. ನಾಳೆ ತಗೊಂಡೋಗ್ಬುಡ್ತೀನಿ. ಪುಟ್ಟರಾಜನ್ಗೂ ಯೇಳ್ಬೇಕು,” ಎಂದು ಎದ್ದರು. ಹೆಗಲ ಟವೆಲ್ಲು ಕೊಡವಿಕೊಂಡು ಹೊರಗೆ ಹೋದರು.

ಬೇಲುಗಳು ಹೋದವು, ಅಂದುಕೊಂಡ ಬೆಲೆಗಲ್ಲ. ಬ್ರೆಜಿಲ್‌ನ ಹೊಸ ಬೆಳೆಯ ಸುದ್ದಿ ಕಂಪನಿಯವರಿಗೆ ನನ್ನ ಫೋನಿಗಿಂತ ಮೊದಲೇ ತಲುಪಿತ್ತು. ನಾನು ಮೈಸೂರು ಸೇರಿದ್ದು ಮರುವರ್ಷ. ಆ ನಡುವಿನ ವರ್ಷ ರಾವಂದೂರಿನ ಒಂದು ಟ್ಯೂಷನ್ ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಅದರ ಬಗ್ಗೆ ಕೊರಗಿದ್ದೂ ಉಂಟು. ಆದರೆ ಆ ದಿನದ ಪುಟದಲ್ಲಿ ಕೊರಗಿಲ್ಲ. ಮಳೆ ಇಲ್ಲ, ಚಳಿ ಜಾಸ್ತಿ, ಎಂದಿದೆ. ಅದರ ಕೆಳಗೆ ‘ಇದ್ದಾಳೆ’ ಎಂದಿದೆ.

ಆ ಬೆಳಿಗ್ಗೆ ಅಪ್ಪ ಕೊಟ್ಟಿಗೆಯಿಂದ ಎದ್ದುಹೋದ ಮೇಲೆ ಅಜ್ಜಿ ಫೋನಿಗಾಗಿ ಕೈ ಚಾಚಿದರು. ಕೊಟ್ಟೆ. ಫೋನನ್ನು ಕೈಯಳತೆಯಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಆ ಎಡಗೈ ಗಂಟು ಹಾಕುವುದನ್ನು ಕೊನೆಯವರೆಗೆ ನೋಡಿದರು. ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಸೆರಗಿನ ತುದಿಯಿಂದ ಫೋನಿನ ಗಾಜನ್ನು ನಿಧಾನವಾಗಿ ಒರೆಸಿದರು.

“ಇನ್ನೂ ನಾಕೆಲೆನೇ ಸೇರ್ಸ್ತಾವ್ಳೆ ಕಣೆ. ಮೂರಾಕು ಅಂತ ಬರಿ ಅವ್ಳಿಗೆ.”

ಬರೆದೆ.